ಹಾರುವ ತಟ್ಟೆ ಮೊದಲು ಕಂಡದ್ದು ಆಕಾಶದಲ್ಲೋ, ಕಥೆಯಲ್ಲೋ?

ಪ್ರಶ್ನೆ: ಅಮೆರಿಕದ ರಕ್ಷಣಾ ಇಲಾಖೆಯೇ ಹಾರುವ ತಟ್ಟೆಗಳ ವಿಡಿಯೋ ಬಿಟ್ಟಿದೆ ಎಂದು ನನ್ನ ಮಗ ತೋರಿಸಿದ. ಪುಷ್ಪಕ ವಿಮಾನವೂ ಅನ್ಯಗ್ರಹದವರ ವಾಹನವೇ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ದಿನಾ ಬರುತ್ತಿದೆ. ಈ ನಂಬಿಕೆ ಎಲ್ಲಿಂದ ಶುರುವಾಯಿತು? ಜನ ಕಂಡದ್ದನ್ನು ಕಥೆಗಾರರು ಬರೆದರೋ, ಕಥೆಗಾರರು ಬರೆದದ್ದನ್ನು ಜನ ಕಂಡರೋ?

ಉತ್ತರ: ಎರಡೂ ನಡೆದಿದೆ. ಆದರೆ ಕಥೆ ಮೊದಲು ಬಂದ ಸಂದರ್ಭಗಳು ನಾವು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ. ಆಕಾಶದಲ್ಲಿ ಗೊತ್ತಿಲ್ಲದ ಬೆಳಕು ಕಾಣುವುದು ಎಲ್ಲ ಕಾಲಕ್ಕೂ ಇದ್ದದ್ದೇ. ಆ ಬೆಳಕಿಗೆ ಯಾವ ಆಕಾರ, ಒಳಗೆ ಕೂತವರು ಯಾರು, ಅವರು ಯಾಕೆ ಬಂದರು ಎಂಬುದನ್ನು ಮಾತ್ರ ಆಯಾ ಕಾಲದ ಪುಸ್ತಕಗಳು, ಪತ್ರಿಕೆಗಳು, ಸಿನಿಮಾಗಳು ಹೇಳಿಕೊಡುತ್ತವೆ. ಹಾಗಂತ ಕಂಡವರೆಲ್ಲ ಸುಳ್ಳುಗಾರರು ಎಂದು ನಾನು ಹೇಳುತ್ತಿಲ್ಲ. ಅವರಲ್ಲಿ ಬಹಳಷ್ಟು ಜನ ಪ್ರಾಮಾಣಿಕರು. ಈ ಚರಿತ್ರೆಯನ್ನು ಓದುವಾಗ ಅದನ್ನು ಮರೆಯಬಾರದು.

ಎಲ್ಲರೂ ಹೇಳುವ ಆರಂಭದಿಂದಲೇ ಹೊರಡೋಣ. 1947ರ ಜೂನ್ 24. ಕೆನೆತ್ ಆರ್ನಾಲ್ಡ್ ಎಂಬ ವ್ಯಾಪಾರಿ ತನ್ನ ಪುಟ್ಟ ವಿಮಾನದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಹತ್ತಿರ ಹಾರುತ್ತಿದ್ದ. ಅಲ್ಲೆಲ್ಲೋ ಬಿದ್ದಿದ್ದ ಸೇನಾ ವಿಮಾನವೊಂದನ್ನು ಹುಡುಕುತ್ತಿದ್ದ. ಪತ್ತೆ ಮಾಡಿದವರಿಗೆ 5,000 ಡಾಲರ್ ಬಹುಮಾನವಿತ್ತು. ಆಗ ಒಂಬತ್ತು ಹೊಳೆಯುವ ವಸ್ತುಗಳು ಸಾಲಾಗಿ ಹೋಗುವುದು ಕಂಡಿತು. ಒಂದು ಶಿಖರದಿಂದ ಇನ್ನೊಂದಕ್ಕೆ ಅವು ತೆಗೆದುಕೊಂಡ ಸಮಯವನ್ನು ಗಡಿಯಾರ ನೋಡಿ ಲೆಕ್ಕ ಹಾಕಿದ. ಎಷ್ಟು ಕಡಿಮೆ ಹಿಡಿದರೂ ವೇಗ ಗಂಟೆಗೆ 1,200 ಮೈಲಿ ಬಂತು. ಮನುಷ್ಯ ಶಬ್ದದ ವೇಗ ದಾಟಿ ಹಾರಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಅಂದರೆ ಆರ್ನಾಲ್ಡ್ ಹೇಳಿದ ವೇಗ ಅಂದಿಗೆ ಊಹೆಗೂ ಮೀರಿದ್ದು.

ಮರುದಿನ ಪೆಂಡಲ್‌ಟನ್ ಎಂಬ ಊರಿನ ಪತ್ರಿಕಾ ಕಚೇರಿಗೆ ಹೋಗಿ ಕಂಡದ್ದನ್ನು ಹೇಳಿದ. ನೀರಿನ ಮೇಲೆ ಬೀಸಿ ಎಸೆದ ಸಾಸರ್ ಪುಟಿಯುತ್ತಾ ಹೋಗುವ ಹಾಗೆ ಅವು ಚಲಿಸಿದವು ಎನ್ನುವುದು ಅವನ ವಿವರಣೆ. ಪತ್ರಿಕೆಗಳು ‘ಹಾರುವ ತಟ್ಟೆ’ ಎಂದು ದೇಶವಿಡೀ ಸುದ್ದಿ ಮಾಡಿದವು. ಸೈನ್ಯಕ್ಕೆ ಕೊಟ್ಟ ವರದಿಯಲ್ಲಿ ಆರ್ನಾಲ್ಡ್ ಬರೆದ ಚಿತ್ರ ಮಾತ್ರ ದುಂಡಗಿಲ್ಲ. ಮುಂದೆ ಕಮಾನಿನಂತಿದೆ, ಹಿಂದೆ ಚೂಪಾಗುತ್ತಾ ಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ವರದಿಗಾರರ ತಪ್ಪಿನಿಂದಲೇ ಹಾರುವ ತಟ್ಟೆ ಹುಟ್ಟಿತು ಎಂಬ ಮಾತು ಈಗ ಎಲ್ಲ ಕಡೆ ಓಡಾಡುತ್ತಿದೆ. ಅದು ಪೂರ್ತಿ ಸರಿಯಲ್ಲ. ಆ ವಾರದ ರೇಡಿಯೋ ಸಂದರ್ಶನದಲ್ಲಿ ಆರ್ನಾಲ್ಡ್ ಅರ್ಧ ಕತ್ತರಿಸಿದ ತಟ್ಟೆಯಂತಿತ್ತು ಎಂದೂ ಹೇಳಿದ್ದಾನೆ. ತಟ್ಟೆಯ ಮಾತು ಅವನದೇ ಬಾಯಿಂದ ಬಂದದ್ದು. ಅದನ್ನು ಪೂರ್ತಿ ದುಂಡಗೆ ಮಾಡಿದ್ದು ಪತ್ರಿಕೆಗಳು. ಮುಂದಿನ ವಾರಗಳಲ್ಲಿ ನೂರಾರು ಜನ ಕಂಡದ್ದು ಆ ದುಂಡನೆಯ ತಟ್ಟೆಯನ್ನೇ! ಆಗಸ್ಟ್‌ನಲ್ಲಿ ಗ್ಯಾಲಪ್ ಸಂಸ್ಥೆ ಸಮೀಕ್ಷೆ ಮಾಡಿದಾಗ ಶೇಕಡ 90ರಷ್ಟು ಅಮೆರಿಕನ್ನರು ಹಾರುವ ತಟ್ಟೆಯ ಬಗ್ಗೆ ಕೇಳಿದ್ದರು. ಎರಡು ತಿಂಗಳೂ ಆಗಿರಲಿಲ್ಲ.

ಅವರಲ್ಲಿ ಹೆಚ್ಚಿನವರು ಅನ್ಯಗ್ರಹದ ಮಾತೇ ಎತ್ತಲಿಲ್ಲ ಎಂಬುದು ಇನ್ನೂ ಗಮನಿಸಬೇಕಾದ ಸಂಗತಿ. ಕಣ್ಣಿನ ಭ್ರಮೆ, ಯಾರದೋ ಚೇಷ್ಟೆ, ನಮ್ಮದೇ ಸೈನ್ಯದ ರಹಸ್ಯ ಆಯುಧ, ಇಲ್ಲವೇ ರಷ್ಯಾದ್ದು ಎಂದರು. ಎರಡನೇ ಮಹಾಯುದ್ಧ ಮುಗಿದು ಎರಡೇ ವರ್ಷ ಆಗಿತ್ತು, ಶೀತಲ ಸಮರ ಶುರುವಾಗಿತ್ತು. ಜನರ ತಲೆಯಲ್ಲಿ ಇದ್ದದ್ದು ಆಯುಧದ ಕಥೆ. ಅದರ ಹಿಂದಿನ ವರ್ಷ ಸ್ವೀಡನ್‌ನಲ್ಲಿ ಜನ ಆಕಾಶದಲ್ಲಿ ರಾಕೆಟ್ಟುಗಳನ್ನು ಕಂಡಿದ್ದರು. ಜರ್ಮನಿಯ ವಿ-2 ರಾಕೆಟ್ಟುಗಳ ನೆನಪು ಆಗ ಹಸಿಯಾಗಿತ್ತು.

ಹಾಗಾದರೆ ಅನ್ಯಗ್ರಹದವರನ್ನು ತಟ್ಟೆಯೊಳಗೆ ಕೂರಿಸಿದ್ದು ಯಾರು? ಮುಖ್ಯವಾಗಿ ಪತ್ರಿಕೆಗಳು. ರೇ ಪಾಮರ್ ಎಂಬ ಸಂಪಾದಕ 1938ರಿಂದ ಅಗ್ಗದ ವೈಜ್ಞಾನಿಕ ಕಥೆಗಳ ಮಾಸಿಕವೊಂದನ್ನು ನಡೆಸುತ್ತಿದ್ದ. 1945ರಲ್ಲಿ, ಭೂಮಿಯೊಳಗಿನ ಸುರಂಗಗಳಲ್ಲಿ ದುಷ್ಟ ಜೀವಿಗಳು ಇವೆ ಎಂಬ ಕಥಾಸರಣಿಯನ್ನು ನಿಜ ಘಟನೆಯೆಂಬಂತೆ ಅಚ್ಚು ಹಾಕಿದ. ಓದುಗರ ಪತ್ರಗಳು ರಾಶಿ ಬಿದ್ದವು. ನಮಗೂ ಹಾಗೇ ಆಗಿದೆ ಎಂದು ಬರೆದವರಿದ್ದರು. ಕಥೆ ಮತ್ತು ಸಾಕ್ಷಿಯ ನಡುವಿನ ಗೆರೆ ಅಳಿಸಿದರೆ ಓದುಗರು ಹೆಚ್ಚುತ್ತಾರೆ ಎಂಬುದು ಅವನಿಗೆ ಆಗಲೇ ಗೊತ್ತಾಯಿತು. 1948ರಲ್ಲಿ ಹೊಸ ಪತ್ರಿಕೆ ತೆಗೆದಾಗ ಮೊದಲ ಸಂಚಿಕೆಯಲ್ಲೇ ಆರ್ನಾಲ್ಡ್‌ನ ಲೇಖನ ಹಾಕಿದ. 1950ರ ಜನವರಿಯಲ್ಲಿ ಡೊನಾಲ್ಡ್ ಕೀಹೋ ಎಂಬ ನಿವೃತ್ತ ಮರೀನ್ ಅಧಿಕಾರಿ, ಇವು ಬೇರೆ ಗ್ರಹದಿಂದ ಬಂದವು ಎಂದು ಜನಪ್ರಿಯ ಪತ್ರಿಕೆಯೊಂದರಲ್ಲಿ ಬರೆದ. ನಂಬಿಕೆ ಬೇರೂರಿದ್ದು ಅಲ್ಲಿಂದ.

ನಿಮ್ಮ ಪ್ರಶ್ನೆಗೆ ಇನ್ನೂ ಚೆನ್ನಾದ ಉತ್ತರ ಸಿಗುವುದು ಆರ್ನಾಲ್ಡ್‌ಗಿಂತ ಐವತ್ತು ವರ್ಷ ಹಿಂದೆ ಹೋದರೆ. 1896ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದ ಮೇಲೆ ರಾತ್ರಿ ಒಂದು ಬೆಳಕು ಚಲಿಸಿತು. ಮುಂದಿನ ವರ್ಷದ ಏಪ್ರಿಲ್ ಹೊತ್ತಿಗೆ ಅದು ಟೆಕ್ಸಸ್, ಕಾನ್ಸಸ್ ತನಕ ಹಬ್ಬಿತು. ಕಂಡವರು ಹೇಳಿದ್ದು ತಟ್ಟೆಯ ಬಗ್ಗೆ ಅಲ್ಲ. ಚುಟ್ಟದ ಆಕಾರದ ಹಡಗು, ಪಂಖಗಳು, ಮುಂದೆ ಸರ್ಚ್‌ಲೈಟು. ಒಳಗಿದ್ದವರು ಹೆಚ್ಚಾಗಿ ಅಮೆರಿಕದ ಮನುಷ್ಯರೇ. ಗುಟ್ಟಾಗಿ ಯಂತ್ರ ಕಟ್ಟಿದ ಒಬ್ಬ ಮಹಾ ಸಂಶೋಧಕ ಇದರ ಹಿಂದಿದ್ದಾನೆ, ಕ್ಯೂಬಾಕ್ಕೆ ಹೋಗಿ ಅಂದು ಅದನ್ನು ಆಳುತ್ತಿದ್ದ ಸ್ಪೇನಿನವರ ಮೇಲೆ ಬಾಂಬ್ ಹಾಕುತ್ತಾನೆ ಎಂದು ಸುದ್ದಿ ಹಬ್ಬಿತ್ತು. ಥಾಮಸ್ ಎಡಿಸನ್ ನನಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿಕೆ ಕೊಡಬೇಕಾಯಿತು.

ಹಾಗೆ ಹಾರಬಲ್ಲ ಹಡಗು ಅಂದು ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ. ಜರ್ಮನಿಯ ಜೆಪ್ಪೆಲಿನ್ ಹಾರಿದ್ದು 1900ರಲ್ಲಿ. ಆದರೆ ಕಾದಂಬರಿಯಲ್ಲಿ ಅದು ಆಗಲೇ ಹಾರಿತ್ತು. 1886ರಲ್ಲೇ ಜೂಲ್ಸ್ ವೆರ್ನ್ ಒಬ್ಬ ನಿಗೂಢ ಸಂಶೋಧಕ ಮತ್ತವನ ಪಂಖಗಳ ವಾಯುನೌಕೆಯ ಕಾದಂಬರಿ ಬರೆದಿದ್ದ. ಅದರ ಮೊದಲ ಅಧ್ಯಾಯದಲ್ಲಿ ಜಗತ್ತಿನ ನಾನಾ ಕಡೆಯ ಜನ ಆಕಾಶದಿಂದ ವಿಚಿತ್ರ ಸದ್ದು ಕೇಳಿ ಕಂಗಾಲಾಗುತ್ತಾರೆ. ಹತ್ತು ವರ್ಷದ ನಂತರ ಅಮೆರಿಕದ ಜನ ಕಂಡದ್ದು ಹೆಚ್ಚೂಕಡಿಮೆ ಅದನ್ನೇ. ಕಾನ್ಸಸ್‌ನ ರೈತನೊಬ್ಬ, ಆ ಹಡಗು ನನ್ನ ಕರುವನ್ನೇ ಎತ್ತಿಕೊಂಡು ಹೋಯಿತು ಎಂದು ಪ್ರಮಾಣ ಮಾಡಿ ಹೇಳಿದ. 1960ರ ದಶಕದ ಹಾರುವ ತಟ್ಟೆ ಪುಸ್ತಕಗಳು ಅದನ್ನು ದೊಡ್ಡ ಸಾಕ್ಷಿಯಾಗಿ ಬಳಸಿದವು. ಅದು ಊರಿನ ಗೆಳೆಯರ ಗುಂಪು ಸುಮ್ನೆ ಕಟ್ಟಿದ ಕಥೆ ಎಂದು 1970ರ ದಶಕದಲ್ಲಿ ಬಯಲಾಯಿತು.

ಇನ್ನೂ ಹಿಂದೆ ಹೋದರೆ ನನಗೆ ತುಂಬಾ ಇಷ್ಟವಾದ ಒಂದು ದಾಖಲೆ ಸಿಗುತ್ತದೆ. 9ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಅಗೋಬಾರ್ಡ್ ಎಂಬ ಧರ್ಮಗುರು ಇದ್ದ. ಆಲಿಕಲ್ಲು ಮಳೆಯ ಬಗ್ಗೆ ಜನರ ನಂಬಿಕೆಗಳನ್ನು ಖಂಡಿಸಿ ಅವನೊಂದು ಪುಸ್ತಕ ಬರೆದ. ಮಗೋನಿಯಾ ಎಂಬ ನಾಡಿನಿಂದ ಮೋಡಗಳಲ್ಲಿ ಹಡಗುಗಳು ಬರುತ್ತವೆ, ಆಲಿಕಲ್ಲಿಗೆ ಉದುರಿದ ಪೈರನ್ನು ಆ ನಾವಿಕರು ಹೊತ್ತುಕೊಂಡು ಹೋಗುತ್ತಾರೆ, ಬಿರುಗಾಳಿ ಎಬ್ಬಿಸುವ ಮಾಟಗಾರರಿಗೆ ಅದಕ್ಕೆ ಹಣ ಕೊಡುತ್ತಾರೆ ಎಂದು ಅಲ್ಲಿನವರು ನಂಬಿದ್ದರು. ಒಂದು ದಿನ ಮೂವರು ಗಂಡಸರು ಮತ್ತು ಒಬ್ಬ ಹೆಂಗಸನ್ನು ಸರಪಳಿ ಹಾಕಿ ತಂದರು. ಇವರು ಆ ಹಡಗುಗಳಿಂದ ಬಿದ್ದವರು, ಕಲ್ಲು ಹೊಡೆದು ಕೊಲ್ಲಬೇಕು ಎಂದರು. ಅಗೋಬಾರ್ಡ್ ವಾದ ಮಾಡಿ ಅವರನ್ನು ಉಳಿಸಿದ. ಬೆಳೆ ಕಳೆದುಕೊಳ್ಳುವ ಭಯದಲ್ಲಿ ಬದುಕುವ ರೈತರ ಆಕಾಶದಲ್ಲಿ ಕಂಡದ್ದು ಕಾಳು ಕದಿಯುವವರು. 1561ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಸೂರ್ಯನ ಸುತ್ತ ಗೋಳಗಳೂ ಶಿಲುಬೆಗಳೂ ಕಾದಾಡಿದವು ಎಂದು ಒಂದು ಅಚ್ಚಿನ ಹಾಳೆ ಬಂತು. ಈಗ ಅದನ್ನು ಬಾಹ್ಯಾಕಾಶ ಯುದ್ಧ ಅನ್ನುತ್ತಾರೆ. ಅಚ್ಚು ಹಾಕಿದವನು ಅದರಲ್ಲಿ ಓದಿದ್ದು ಮಾತ್ರ ಪಾಪಿಗಳಿಗೆ ದೇವರು ಕೊಟ್ಟ ಎಚ್ಚರಿಕೆಯನ್ನು.

ಈಗ ಪುಷ್ಪಕ ವಿಮಾನಕ್ಕೆ ಬರೋಣ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದರಲ್ಲಿ ನಮ್ಮ ನೆಲದ ಪಾಲೂ ಇದೆ.

ವಾಲ್ಮೀಕಿ ವರ್ಣಿಸುವ ಪುಷ್ಪಕ ಒಂದು ಅರಮನೆ. ಕೋಣೆಗಳಿವೆ, ರತ್ನಗಳಿವೆ, ಒಂದು ಕಡೆ ಹಂಸಗಳನ್ನು ಹೂಡಿದ ವರ್ಣನೆಯೂ ಇದೆ. ಅದು ಒಡೆಯನ ಮನಸ್ಸನ್ನು ಅರಿತು ನಡೆಯುತ್ತದೆ. ಬ್ರಹ್ಮ ಕುಬೇರನಿಗೆ ಕೊಟ್ಟ, ರಾವಣ ಕಿತ್ತುಕೊಂಡ, ರಾಮ ಅದರಲ್ಲಿ ಅಯೋಧ್ಯೆಗೆ ಬಂದು ಕುಬೇರನಿಗೇ ಹಿಂದಿರುಗಿಸಿದ. ಕಥೆಯಲ್ಲಿ ಅದರ ಕೆಲಸ ಒಡೆಯನ ಐಶ್ವರ್ಯವನ್ನೂ ನಡತೆಯನ್ನೂ ತೋರಿಸುವುದು. ರಾವಣ ಕಿತ್ತುಕೊಂಡದ್ದೂ ರಾಮ ಹಿಂದಿರುಗಿಸಿದ್ದೂ ಪಕ್ಕಪಕ್ಕ ಇಟ್ಟರೆ ಇದು ಕಾಣುತ್ತದೆ ಅಲ್ವಾ? ಬೇರೆ ಗ್ರಹದಿಂದ ಬಂದ ಯಂತ್ರ ಎಂದು ಓದಿದರೆ ಕಾವ್ಯದ ಈ ಅರ್ಥವೇ ಬಿದ್ದುಹೋಗುತ್ತದೆ.

ಹಾಗಿದ್ದರೂ ವಿಮಾನ ಯುಎಫ್‌ಒ, ಅಂದರೆ ಗುರುತು ಸಿಗದ ಹಾರುವ ವಸ್ತು, ಆದದ್ದು ಹೇಗೆ? ದಾರಿ ಮದ್ರಾಸಿನ ಅಡ್ಯಾರ್ ಮೂಲಕ ಹೋಗುತ್ತದೆ. ಥಿಯಸಾಫಿಕಲ್ ಸೊಸೈಟಿ ಎಂಬ ಆಧ್ಯಾತ್ಮಿಕ ಸಂಘ 1882ರಲ್ಲಿ ಅಲ್ಲಿ ನೆಲೆ ಮಾಡಿಕೊಂಡಿತು. ಅದರ ಸ್ಥಾಪಕಿ ಮೇಡಂ ಬ್ಲಾವಟ್ಸ್ಕಿ ಪುರಾಣ, ಬೌದ್ಧ ವಿಚಾರ, ಯುರೋಪಿನ ಗೂಢವಿದ್ಯೆ, ಜೊತೆಗೆ ಆಗಿನ ವಿಜ್ಞಾನ ಕಾದಂಬರಿಗಳಿಂದಲೂ ಎತ್ತಿಕೊಂಡು 1888ರಲ್ಲಿ ದೊಡ್ಡ ಗ್ರಂಥ ಬರೆದರು. ಮುಳುಗಿಹೋಯಿತೆಂದು ಕಥೆಗಳು ಹೇಳುವ ಅಟ್ಲಾಂಟಿಸ್ ಎಂಬ ನಾಡಿನವರಿಗೆ ಹಾರುವ ವಾಹನಗಳಿದ್ದವು ಎಂದು ಅಲ್ಲಿ ಬರುತ್ತದೆ. ಅವರ ನಂತರದವರು ನಮ್ಮ ಪುರಾಣದ ಸನತ್ಕುಮಾರನನ್ನು ಶುಕ್ರಗ್ರಹದಿಂದ ಭೂಮಿಗೆ ಬಂದ ಗುರು ಮಾಡಿದರು. ಬ್ರಹ್ಮನ ಮಾನಸಪುತ್ರನಿಗೆ ಶುಕ್ರಗ್ರಹದ ವಿಳಾಸ ಸಿಕ್ಕಿದ್ದು ಹೀಗೆ.

ಈ ವಿಚಾರಗಳು ಕ್ಯಾಲಿಫೋರ್ನಿಯಾ ತಲುಪಿದವು. ಅಲ್ಲಿ ಜಾರ್ಜ್ ಆಡಮ್ಸ್ಕಿ ಎಂಬಾತ 1930ರ ದಶಕದಲ್ಲಿ ಟಿಬೆಟಿನ ಹೆಸರಿನಲ್ಲಿ ಒಂದು ಆಧ್ಯಾತ್ಮಿಕ ಪಂಥ ನಡೆಸುತ್ತಿದ್ದ. 1949ರಲ್ಲಿ ಚಂದ್ರ, ಮಂಗಳ, ಶುಕ್ರಕ್ಕೆ ಪ್ರಯಾಣ ಮಾಡುವ ಕಾದಂಬರಿ ತಂದ. 1952ರ ನವೆಂಬರ್ 20ರಂದು ಮರುಭೂಮಿಯಲ್ಲಿ ಶುಕ್ರಗ್ರಹದವನನ್ನು ಭೇಟಿಯಾದೆ ಎಂದ. ಉದ್ದ ಕೂದಲಿನ, ಸುಂದರ, ಶಾಂತ ವ್ಯಕ್ತಿ. ಅಣುಬಾಂಬ್ ಬೇಡ ಎಂದು ತಿಳಿಹೇಳಲು ಬಂದವನು. ಅಂಥದೇ ಎಚ್ಚರಿಕೆ ಕೊಡಲು ಬರುವ ಸಭ್ಯ ಅನ್ಯಗ್ರಹವಾಸಿಯ ಹಾಲಿವುಡ್ ಸಿನಿಮಾ ಹಿಂದಿನ ವರ್ಷ ತಾನೇ ಬಂದಿತ್ತು. 1955ರಲ್ಲಿ ಆಡಮ್ಸ್ಕಿ ತನ್ನ ನಿಜ ಅನುಭವ ಎಂದು ಬರೆದ ಪುಸ್ತಕದ ಭಾಗಗಳು ಅವನದೇ ಕಾದಂಬರಿಯನ್ನು ಹೋಲುತ್ತವೆ.

1953ರಲ್ಲಿ ಅವನ ಭೇಟಿಯ ಕಥೆ ಪುಸ್ತಕವಾಗಿ ಬಂದಾಗ ಅದರ ದೊಡ್ಡ ಪಾಲು ಬರೆದವನು ಡೆಸ್ಮಂಡ್ ಲೆಸ್ಲಿ ಎಂಬ ಐರಿಷ್ ಲೇಖಕ. ನಮ್ಮ ವಿಮಾನಗಳನ್ನೂ ಭೋಜರಾಜನ ವಾಸ್ತುಗ್ರಂಥ ಸಮರಾಂಗಣ ಸೂತ್ರಧಾರವನ್ನೂ ಹಾರುವ ತಟ್ಟೆಗೆ ಪುರಾವೆಯಾಗಿ ಜೋಡಿಸಿದ್ದು ಅವನು. 1968ರಲ್ಲಿ ಎರಿಕ್ ಫಾನ್ ಡೆನಿಕೆನ್ ಎಂಬ ಸ್ವಿಸ್ ಲೇಖಕನ ಪುಸ್ತಕ ಬಂದ ಮೇಲೆ, ದೇವರುಗಳೆಲ್ಲ ಅನ್ಯಗ್ರಹದವರು ಎಂಬ ವಾದ ಜಗತ್ತಿನ ಮೂಲೆಮೂಲೆಗೂ ಹೋಯಿತು. ನಿಮ್ಮ ವಾಟ್ಸಾಪ್‌ಗೆ ಬರುವ ಸಂದೇಶ ಸಾವಿರಾರು ವರ್ಷದ ನಮ್ಮ ಪರಂಪರೆಯ ಮಾತಲ್ಲ. ಇಲ್ಲಿಂದ ಹೋದ ಪುರಾಣ, ಅಮೆರಿಕ ಯುರೋಪ್ ಸುತ್ತಿ, ಬೇರೆ ಅರ್ಥ ಹೊತ್ತು ಮನೆಗೆ ವಾಪಸ್ ಬಂದದ್ದು.

ಜೊತೆಗೆ ವೈಮಾನಿಕ ಶಾಸ್ತ್ರ ಇದೆ. ಭರದ್ವಾಜ ಮಹರ್ಷಿ ಬರೆದದ್ದು ಎಂದು ಹೇಳುವ ಈ ಸಂಸ್ಕೃತ ಗ್ರಂಥವನ್ನು ಆನೇಕಲ್‌ನಲ್ಲಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಬಾಯಲ್ಲಿ ಹೇಳಿ ಬರೆಸಿದರು. ಚಿತ್ರಗಳನ್ನು ಅವರ ಮಾರ್ಗದರ್ಶನದಲ್ಲಿ ಬೆಂಗಳೂರಿನ ನಕ್ಷೆಗಾರರೊಬ್ಬರು ಬರೆದರು. ಮೈಸೂರಿನ ಜಿ. ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದ ತಂದರು. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಅದನ್ನು ಪರಿಶೀಲಿಸಿದರು. ಸುಮ್ನೆ ತಳ್ಳಿಹಾಕಲಿಲ್ಲ. ಪಠ್ಯದ ಭಾಷೆ ನೋಡಿದರು, ಅದು ಎಲ್ಲಿಂದ ಬಂತು ಎಂದು ವಿಚಾರಿಸಿದರು, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಲೆಕ್ಕ ಹಾಕಿದರು. ಸಂಸ್ಕೃತ ಆಧುನಿಕವಾದದ್ದು, ಗ್ರಂಥ 1904ಕ್ಕಿಂತ ಹಳೆಯದಲ್ಲ, ಯಾವ ವಿಮಾನವೂ ಹಾರಲಾರದು ಎಂಬುದು ಅವರ ತೀರ್ಮಾನ. ಆದರೂ ಈ ಗ್ರಂಥವನ್ನು ನಾನು ಗೌರವದಿಂದಲೇ ಓದುತ್ತೇನೆ. ರೈಟ್ ಸಹೋದರರ ವಿಮಾನದ ಸುದ್ದಿ ಹರಡುತ್ತಿದ್ದ ಕಾಲದಲ್ಲಿ, ವಸಾಹತು ಆಳ್ವಿಕೆಯ ಕೆಳಗಿದ್ದ ಒಂದು ನಾಡಿನ ಪಂಡಿತರು ತಮ್ಮ ಪರಂಪರೆಗೂ ಈ ಯಂತ್ರಯುಗದಲ್ಲಿ ಜಾಗ ಹುಡುಕಿದರು. ಆ ಹಂಬಲದ ದಾಖಲೆಯಾಗಿ ಅದು ಬೆಲೆಯುಳ್ಳದ್ದು. ಪ್ರಾಚೀನ ತಂತ್ರಜ್ಞಾನಕ್ಕೆ ಮಾತ್ರ ಪುರಾವೆಯಲ್ಲ.

ಮತ್ತೆ ಶುಕ್ರಗ್ರಹಕ್ಕೆ ಹೋಗೋಣ. 1962ರ ಡಿಸೆಂಬರ್‌ನಲ್ಲಿ ಮ್ಯಾರಿನರ್-2 ನೌಕೆ ಅದರ ಹತ್ತಿರ ಹಾದುಹೋಯಿತು. ಅಲ್ಲಿನ ನೆಲ ಸೀಸ ಕರಗುವಷ್ಟು ಬಿಸಿ ಎಂದು ಗೊತ್ತಾಯಿತು. 1965ರಲ್ಲಿ ಮ್ಯಾರಿನರ್-4 ಮಂಗಳದ ಚಿತ್ರ ಕಳಿಸಿತು, ಅಲ್ಲಿವೆ ಎಂದು ಹಿಂದೆ ಕೆಲವರು ನಂಬಿದ್ದ ಕಾಲುವೆಗಳಿಲ್ಲ, ಬರೀ ಕುಳಿಗಳು. ಅಲ್ಲಿಂದ ಮುಂದೆ ಶುಕ್ರ, ಮಂಗಳದವರು ಕಡಿಮೆಯಾದರು. ಭೇಟಿ ಕೊಡುವವರು ಸೌರಮಂಡಲದ ಆಚೆಯಿಂದ ಬರತೊಡಗಿದರು.

ಆ ಹೊಸ ಕಥೆಯ ಕೇಂದ್ರದಲ್ಲಿ ಬೆಟ್ಟಿ ಮತ್ತು ಬಾರ್ನಿ ಹಿಲ್ ದಂಪತಿ ಇದ್ದಾರೆ. ಹೆಂಡತಿ ಬಿಳಿಯರು, ಸಮಾಜ ಕಲ್ಯಾಣದ ಕೆಲಸದವರು. ಗಂಡ ಕಪ್ಪು ಜನಾಂಗದವರು, ಅಂಚೆ ನೌಕರ. ಅಂದಿನ ಅಮೆರಿಕದಲ್ಲಿ ಅಂಥ ಮದುವೆ ಎಂದರೆ ಹೋದಲ್ಲೆಲ್ಲ ದುರುಗುಟ್ಟುವ ಕಣ್ಣುಗಳು. 1961ರ ಸೆಪ್ಟೆಂಬರ್‌ನಲ್ಲಿ ರಾತ್ರಿ ನ್ಯೂ ಹ್ಯಾಂಪ್‌ಶೈರ್ ಬೆಟ್ಟಗಳ ನಡುವೆ ಕಾರಿನಲ್ಲಿ ಬರುವಾಗ ಒಂದು ಬೆಳಕು ಹಿಂಬಾಲಿಸಿತು. ಕೆಲವೇ ದಿನಗಳಲ್ಲಿ ಬೆಟ್ಟಿ ಗ್ರಂಥಾಲಯದಿಂದ ಕೀಹೋನ ಪುಸ್ತಕ ತಂದು ಓದಿದರು. ಆಮೇಲೆ ಕನಸುಗಳು ಶುರುವಾದವು. ಕನಸಿನಲ್ಲಿ ಕಂಡವರಿಗೆ ದೊಡ್ಡ ಮೂಗು, ಕಪ್ಪು ಕೂದಲು ಇತ್ತು. 1964ರಲ್ಲಿ ಬೆಂಜಮಿನ್ ಸೈಮನ್ ಎಂಬ ಮನೋವೈದ್ಯರು ಇಬ್ಬರನ್ನೂ ಸಂಮೋಹನಕ್ಕೆ ಒಳಪಡಿಸಿದರು. ಫೆಬ್ರವರಿ 22ರಂದು ಬಾರ್ನಿ, ಮುಖದ ಪಕ್ಕಕ್ಕೂ ಸುತ್ತಿಕೊಂಡ ದೊಡ್ಡ ಕಣ್ಣುಗಳ ಬಗ್ಗೆ ಹೇಳಿದರು. ಅದಕ್ಕೆ 12 ದಿನ ಹಿಂದೆ ಪ್ರಸಾರವಾದ ಟಿವಿ ಕಥೆಯೊಂದರಲ್ಲಿ ಅಂಥದೇ ಕಣ್ಣುಗಳ ಅನ್ಯಗ್ರಹವಾಸಿ ಇದ್ದ. ನಾವು ಅದನ್ನು ನೋಡಿರಲಿಲ್ಲ ಎಂದು ಬೆಟ್ಟಿ ಹೇಳಿದ್ದಾರೆ. ಹಾಗಾಗಿ ಇದನ್ನು ಕೊನೆಯ ಮಾತು ಎಂದು ನಾನು ಹೇಳಲಾರೆ. ಬೆಟ್ಟಿಯ ಕನಸುಗಳೇ ಇಬ್ಬರ ನೆನಪಾಗಿ ಬೆಳೆದಿರಬೇಕು ಎಂಬುದು ಸೈಮನ್ ಅವರ ಅಭಿಪ್ರಾಯ. ಇಬ್ಬರೂ ಪಟ್ಟ ಸಂಕಟ ಮಾತ್ರ ನಿಜ. ಅದನ್ನು ನಗೆಪಾಟಲು ಮಾಡುವುದು ನನಗೆ ಸಹಿಸದು.

ಅವರ ಕಥೆ 1966ರಲ್ಲಿ ಪುಸ್ತಕವಾಯಿತು, 1975ರ ಅಕ್ಟೋಬರ್‌ನಲ್ಲಿ ಟಿವಿ ಚಿತ್ರವಾಯಿತು. ಆಮೇಲೆ ಅಪಹರಣದ ಅನುಭವ ಹೇಳುವವರು ಜಾಸ್ತಿಯಾದರು. 1977ರ ಪ್ರಸಿದ್ಧ ಹಾಲಿವುಡ್ ಸಿನಿಮಾಕ್ಕೆ ಸಲಹೆಗಾರರಾಗಿದ್ದವರು ಅಮೆರಿಕ ವಾಯುಪಡೆಯ ಯುಎಫ್‌ಒ ತನಿಖೆಯಲ್ಲಿ ವರ್ಷಗಟ್ಟಲೆ ದುಡಿದ ಖಗೋಳಜ್ಞ ಅಲೆನ್ ಹೈನೆಕ್. 1987ರ ಪುಸ್ತಕವೊಂದರ ಮುಖಪುಟದಲ್ಲಿ ಕಪ್ಪು ಕಣ್ಣಿನ, ಕೂದಲಿಲ್ಲದ ಮುಖ ಬಂದ ಮೇಲೆ ಏಲಿಯನ್ ಎಂದರೆ ಅದೇ ಎಂದಾಯಿತು. ಮೂಗು ಕೂದಲು ಎರಡೂ ಹೋದವು. ಅಮೆರಿಕದ ರೋಸ್‌ವೆಲ್ ಊರಿನ ಹತ್ತಿರ ಹಾರುವ ತಟ್ಟೆ ಬಿತ್ತು ಎಂಬ ಕಥೆ ಕೂಡ ಹೀಗೆಯೇ. 1947ರ ಜುಲೈನಲ್ಲಿ ಒಂದೆರಡು ದಿನ ಸುದ್ದಿಯಾಗಿ, ಮೂವತ್ತು ವರ್ಷ ಯಾರಿಗೂ ನೆನಪಿರಲಿಲ್ಲ. 1980ರಲ್ಲಿ ಪುಸ್ತಕ ಬಂದ ಮೇಲೆ ದಂತಕಥೆಯಾಯಿತು. ಅಲ್ಲಿ ಬಿದ್ದದ್ದು ಸೋವಿಯತ್ ಅಣುಪರೀಕ್ಷೆ ಪತ್ತೆಗೆ ಹಾರಿಸಿದ ರಹಸ್ಯ ಬಲೂನು ಎಂದು ವಾಯುಪಡೆ 1994ರಲ್ಲಿ ಹೇಳಿತು.

ಇದು ಅಮೆರಿಕದವರ ಖಾಯಿಲೆ ಎಂದುಕೊಳ್ಳಬೇಡಿ. 1908ರಲ್ಲಿ ಸೈಬೀರಿಯಾದ ತುಂಗುಸ್ಕಾದಲ್ಲಿ ಆಕಾಶದಲ್ಲಿ ಭಾರಿ ಸ್ಫೋಟವಾಗಿ ಸುಮಾರು 2,000 ಚದರ ಕಿಲೋಮೀಟರ್ ಕಾಡು ಮಲಗಿತು. ಹಿರೋಶಿಮಾದ ಸುದ್ದಿ ಬಂದ ಮೇಲೆ, 1946ರಲ್ಲಿ, ಅಲೆಕ್ಸಾಂಡರ್ ಕಜಾನ್ತ್ಸೆವ್ ಎಂಬ ಸೋವಿಯತ್ ಲೇಖಕ ಒಂದು ಕಥೆ ಬರೆದ. ತುಂಗುಸ್ಕಾದಲ್ಲಿ ಸಿಡಿದದ್ದು ಅಣುಶಕ್ತಿಯ ಅಂತರಿಕ್ಷ ನೌಕೆ ಎಂಬುದು ಕಥೆಯ ಎಳೆ. ಓದುಗರು ಎಷ್ಟು ನಂಬಿದರೆಂದರೆ, 1950ರ ದಶಕದ ಕೊನೆಗೆ ಅಲ್ಲಿಗೆ ಹೋದ ತಂಡಗಳು ಮಣ್ಣಿನಲ್ಲಿ ವಿಕಿರಣ ಹುಡುಕಿದವು. ಒಂದು ಸಣ್ಣಕಥೆ ವಿಜ್ಞಾನಿಗಳನ್ನು ಕಾಡಿಗೆ ಕಳಿಸಿತು.

ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1958ರಲ್ಲಿ ಈ ಬಗ್ಗೆ ಪುಸ್ತಕ ಬರೆದರು. ದುಂಡಗಿನ ತಟ್ಟೆ ಎಂದರೆ ಮಂಡಲ, ಒಡೆದ ಜಗತ್ತಿನಲ್ಲಿ ಮನುಷ್ಯನ ಮನಸ್ಸು ಪೂರ್ಣತೆಯನ್ನು ಆಕಾಶದಲ್ಲಿ ಕಾಣುತ್ತಿದೆ ಎಂದರು. ಸುಂದರವಾದ ವಿಚಾರ. ಆದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ದುಂಡಾಕಾರ ಮನಸ್ಸಿನ ಆಳದಿಂದಲೇ ಬರುವುದಾದರೆ ಅದು ಬದಲಾಗಬಾರದು. 1988ರ ನವೆಂಬರ್‌ನಲ್ಲಿ ಅಮೆರಿಕ ಎಫ್-117 ಎಂಬ ಚೂಪು ಅಂಚಿನ ಸ್ಟೆಲ್ತ್ (ರೇಡಾರ್ ಕಣ್ಣು ತಪ್ಪಿಸುವ) ವಿಮಾನವನ್ನು ಜಗತ್ತಿಗೆ ತೋರಿಸಿತು. ಮುಂದಿನ ವರ್ಷ ಬೆಲ್ಜಿಯಂನಲ್ಲಿ ನೂರಾರು ಜನ ಕಂಡದ್ದು ತ್ರಿಕೋನಗಳನ್ನು.

ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. 2012ರಲ್ಲಿ ಲಡಾಖ್ ಗಡಿಯಲ್ಲಿ ಸೈನಿಕರು ರಾತ್ರಿ ರಾತ್ರಿ ಬೆಳಕುಗಳನ್ನು ಕಂಡು ಗುರುತು ಹಾಕಿಕೊಂಡರು. ಚೀನಾದ ಡ್ರೋನ್ ಎಂದು ಸಂಶಯ ಬಂತು. ಬೆಂಗಳೂರಿನಲ್ಲಿ ಕೇಂದ್ರವಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಖಗೋಳಜ್ಞರು ಆ ದಾಖಲೆಗಳನ್ನು ನೋಡಿದರು. ಅವು ಗುರು ಮತ್ತು ಶುಕ್ರ ಗ್ರಹಗಳು. ತೆಳು ಗಾಳಿಯ ಎತ್ತರದಲ್ಲಿ ಗ್ರಹಗಳು ತುಂಬಾ ಪ್ರಖರವಾಗಿ ಕಾಣುತ್ತವೆ. ಸೈನಿಕರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಗಡಿಯಲ್ಲಿ ನಿಂತವರಿಗೆ ಮೊದಲು ನೆನಪಾಗುವುದು ಡ್ರೋನ್, ಅಷ್ಟೇ.

ಇನ್ನು ನಿಮ್ಮ ಮಗ ತೋರಿಸಿದ ವಿಡಿಯೋ. ಅಮೆರಿಕದ ನೌಕಾಪಡೆಯ ಮೂರು ವಿಡಿಯೋಗಳನ್ನು ಪೆಂಟಗನ್, ಅಂದರೆ ಅಲ್ಲಿನ ರಕ್ಷಣಾ ಇಲಾಖೆ, 2020ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ಬಿಟ್ಟದ್ದು ನಿಜ. ಅವು ಅಸಲಿ. ಅವುಗಳಲ್ಲಿ ಕಾಣುವುದು ಅನ್ಯಗ್ರಹದ್ದು ಎಂದು ಪೆಂಟಗನ್ ಹೇಳಿಲ್ಲ. ಏನೆಂದು ಗುರುತಿಸಿಲ್ಲ ಎಂದಷ್ಟೇ ಹೇಳಿದೆ. 2021ರ ಜೂನ್ ವರದಿಯಲ್ಲಿ 144 ಪ್ರಕರಣಗಳಿದ್ದವು, ಖಚಿತವಾಗಿ ಗುರುತು ಸಿಕ್ಕಿದ್ದು ಒಂದಕ್ಕೆ ಮಾತ್ರ: ಗಾಳಿ ಹೋಗುತ್ತಿದ್ದ ದೊಡ್ಡ ಬಲೂನು. ಉಳಿದವಕ್ಕೆ ಮಾಹಿತಿ ಸಾಲದು. 2024ರ ಮಾರ್ಚ್‌ನಲ್ಲಿ ಪೆಂಟಗನ್‌ನ ತನಿಖಾ ಕಚೇರಿ 1945ರಿಂದೀಚಿನ ಸರ್ಕಾರಿ ತನಿಖೆಗಳನ್ನೆಲ್ಲ ಜಾಲಾಡಿ, ಅನ್ಯಗ್ರಹ ತಂತ್ರಜ್ಞಾನಕ್ಕೆ ಪುರಾವೆ ಸಿಕ್ಕಿಲ್ಲ ಎಂದಿತು. ಟಿವಿ, ಪುಸ್ತಕ, ಸಿನಿಮಾ, ಇಂಟರ್‌ನೆಟ್ ಈ ನಂಬಿಕೆಯನ್ನು ಬೆಳೆಸಿರಬಹುದು ಎಂದು ಅದೇ ವರದಿ ಹೇಳುತ್ತದೆ.

ಮಗನಿಗೆ ಆಸಕ್ತಿ ಇದ್ದರೆ ದಯವಿಟ್ಟು ತಡೆಯಬೇಡಿ. ಯಾವ ಪ್ರಕರಣ ಸಿಕ್ಕರೂ ಮೊದಲ ದಿನದ ಹೇಳಿಕೆಯನ್ನು ಹುಡುಕಲು ಹೇಳಿ, ಅಂದರೆ ಪತ್ರಿಕೆ, ಪುಸ್ತಕ, ಟಿವಿ ಮುಟ್ಟುವ ಮೊದಲು ಸಾಕ್ಷಿ ಏನು ಅಂದಿದ್ದರು ಎಂಬುದನ್ನು. ಆಮೇಲೆ ಆ ವರ್ಷ, ಅದರ ಹಿಂದಿನ ವರ್ಷ ಯಾವ ಸಿನಿಮಾ, ಯಾವ ಕಾದಂಬರಿ, ಯಾವ ಹೊಸ ಆಯುಧ ಸುದ್ದಿಯಲ್ಲಿತ್ತು ಎಂದು ನೋಡಲಿ. ಆರ್ನಾಲ್ಡ್ ಸೈನ್ಯಕ್ಕೆ ಕೊಟ್ಟ ವರದಿ, ಅವನ ಕೈಬರಹದ ಚಿತ್ರದ ಸಮೇತ, ಈಗ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ಅದರಿಂದಲೇ ಶುರು ಮಾಡಬಹುದು.